ನೆಲದ ನೀರು, ಜನದ ಮೂಳೆ

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ನಮ್ಮ ಹಿರಿಯರು ಹೇಳಿರುವರು. ಮಾತು ದೊಡ್ಡದು, ಬಹುಮಟ್ಟಿಗೆ ನಿಜವೂ ಹೌದು. ಮಿತವಾಗಿ ಉಂಡು, ಹೊತ್ತಿಗೆ ಸರಿಯಾಗಿ ಮಲಗಿ ಎದ್ದು, ಮೈಗೆ ತಕ್ಕಷ್ಟು ದುಡಿಯುವವನ ಹತ್ತಿರಕ್ಕೆ ಎಷ್ಟೋ ಬೇನೆಗಳು ಸುಳಿಯಲಾರವು. ಆದರೆ ಈ ಗಾದೆಯ ಒಳಗೆ ಒಂದು ಊಹೆ ಅಡಗಿಕೊಂಡಿದೆ. ರೋಗವೆಂಬುದು ಮನುಷ್ಯನು ತಾನೇ ಬರಮಾಡಿಕೊಳ್ಳುವ ಅತಿಥಿ, ಅದನ್ನು ಬಾಗಿಲಲ್ಲಿಯೇ ತಡೆಯುವುದು ಅವನ ಕೈಯಲ್ಲಿದೆ, ಎಂಬುದೇ ಆ ಊಹೆ. ಊಟವನ್ನೇನೋ ನಾವು ಆರಿಸಿಕೊಳ್ಳಬಹುದು. ಹುಟ್ಟಿದ ಊರನ್ನು ಯಾರು ಆರಿಸಿಕೊಂಡರು? ಆ ಊರಿನ ಗಾಳಿಯನ್ನು, ಕಾಲಡಿಯ ಕಲ್ಲನ್ನು, ಬಾವಿಯ ನೀರನ್ನು ಯಾರು ಆರಿಸಿಕೊಂಡರು? ಊಟ ಬಲ್ಲವನೂ ಸಂಯಮಿಯೂ ಆದ ಮನುಷ್ಯನೊಬ್ಬನು ತನ್ನೂರಿನ ತಿಳಿನೀರನ್ನು ಕುಡಿದೇ ಮೈ ಕೆಟ್ಟು ಬಗ್ಗಿಹೋದರೆ ಅವನಿಗೆ ಯಾವ ಗಾದೆಯನ್ನು ಹೇಳೋಣ?

ಈ ಸಂಜೆ ತಮ್ಮ ಮುಂದೆ ಇಡಬೇಕೆಂದಿರುವ ವಿಷಯ ಇದು: ನಮ್ಮ ಸುತ್ತಣ ನೆಲ, ನೀರು, ಗಾಳಿಗಳು ನಮ್ಮ ಆರೋಗ್ಯವನ್ನು ಹೇಗೆ ತಿದ್ದುತ್ತವೆ ಅಥವಾ ಕೆಡಿಸುತ್ತವೆ, ಅದನ್ನು ಅರಿಯುವ ಬಗೆ ಯಾವುದು. ಈ ವಿಚಾರ ಇಂದಿನದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದಗಳು ಏಕಕಾಲಕ್ಕೆ ಹಾಳಾಗುವುದನ್ನು ಕುರಿತು ಒಂದು ಅಧ್ಯಾಯವೇ ಉಂಟು. ಮನುಷ್ಯರ ಪ್ರಕೃತಿ ಬೇರೆಬೇರೆ, ಆಹಾರ ಬೇರೆಬೇರೆ, ವಯಸ್ಸು ಬೇರೆಬೇರೆ. ಹಾಗಿದ್ದೂ ಒಂದು ನಾಡಿನ ಜನರೆಲ್ಲರೂ ಒಂದೇ ರೋಗಕ್ಕೆ ತುತ್ತಾಗುವುದು ಹೇಗೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿದೆ. ಅವರೆಲ್ಲರಿಗೂ ಸಾಮಾನ್ಯವಾದುವು ನಾಲ್ಕು: ವಾಯು, ಜಲ, ದೇಶ, ಕಾಲ. ಇವು ಕೆಟ್ಟರೆ ಎಲ್ಲರೂ ಕೆಡುವರು ಎಂಬುದು ಅಲ್ಲಿನ ಉತ್ತರ. ಗ್ರೀಕರ ವೈದ್ಯಪಿತಾಮಹನೆನಿಸಿದ ಹಿಪೊಕ್ರೆಟೀಸನ ಹೆಸರಿನಲ್ಲಿ ನಿಂತಿರುವ ಒಂದು ಗ್ರಂಥವೂ ಗಾಳಿ, ನೀರು, ಸ್ಥಳ ಇವುಗಳನ್ನೇ ಕುರಿತದ್ದು. ಹೊಸ ಊರಿಗೆ ಹೋದ ವೈದ್ಯನು ರೋಗಿಯ ನಾಡಿಯನ್ನು ಹಿಡಿಯುವ ಮೊದಲು ಆ ಊರಿನ ನೀರನ್ನು ವಿಚಾರಿಸಬೇಕೆಂಬುದು ಅದರ ಉಪದೇಶ.

ಆ ಉಪದೇಶದಂತೆ ನಾವೂ ಒಂದು ಊರಿಗೆ ಹೋಗೋಣ. ಚಳ್ಳಕೆರೆಯಿಂದ ಪೂರ್ವಕ್ಕೆ ಆಂಧ್ರದ ಗಡಿಯತ್ತ ಸಾಗಿದರೆ ವೇದಾವತೀ ನದಿಯ ಸೀಮೆಯಲ್ಲಿ ಪರಶುರಾಂಪುರವಿದೆ. ಚಿತ್ರದುರ್ಗ ಜಿಲ್ಲೆಯ ಹೋಬಳಿಯ ಊರು ಅದು. ಕನ್ನಡದ ಜೊತೆಗೆ ತೆಲುಗೂ ಕಿವಿಗೆ ಬೀಳುವ ಸೀಮೆ. ಶೇಂಗಾ ಹೊಲಗಳು, ಕುರಿಮಂದೆಗಳು, ಅಲ್ಲಲ್ಲಿ ಬೋಳುಗುಡ್ಡಗಳು. ಕರ್ನಾಟಕದಲ್ಲೆಲ್ಲ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ವರ್ಷಕ್ಕೆ ಸುಮಾರು 450 ಮಿಲಿಮೀಟರ್ ಮಾತ್ರ. ನದಿಯ ಹೆಸರೇನೋ ವೇದಾವತಿ. ಆದರೆ ವರ್ಷದ ಬಹು ತಿಂಗಳು ಅದರಲ್ಲಿ ಕಾಣುವುದು ಮರಳು. ಮೇಲೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಇದೇ ನದಿಗೆ ಅಡ್ಡಲಾಗಿದೆ. ಆ ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ಸೀಮೆಯ ಮಳೆಯ ಸ್ವಭಾವವನ್ನು ತಿಳಿಯಲು ಇದೊಂದು ಲೆಕ್ಕವೇ ಸಾಕು.

ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ಹಳ್ಳಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ನಾನು ಅರ್ಧ ಹಗಲು ಕುಳಿತಿದ್ದೆ. ಮನೆಯ ಅಜ್ಜಿ ಒಳಗಿನಿಂದ ನೀರು ತಂದುಕೊಟ್ಟಳು. ತಿಳಿಯಾದ, ತಣ್ಣನೆಯ ನೀರು. "ಈ ನೀರು ಹೇಗಮ್ಮ?" ಎಂದು ಕೇಳಿದೆ. "ಏನಾಗೈತೆ ಸ್ವಾಮಿ ಈ ನೀರಿಗೆ? ಸೀನೀರು. ಬ್ಯಾಳೆ ಬೆಣ್ಣೆಯಂಗೆ ಬೇಯ್ತೈತೆ" ಎಂದಳು. ಹೇಳುವಾಗ ಆಕೆ ಕತ್ತನ್ನು ತಿರುಗಿಸಲಿಲ್ಲ. ಇಡೀ ಮೈಯನ್ನೇ ನನ್ನ ಕಡೆಗೆ ತಿರುಗಿಸಿದಳು. ಕತ್ತು ಹೊರಳುತ್ತಿರಲಿಲ್ಲ. ಅಷ್ಟರಲ್ಲಿ ಮಗ ಹೊಲದಿಂದ ಬಂದ. ಮೂವತ್ತೈದರ ಗಟ್ಟಿಮುಟ್ಟಾದ ಆಳು. ನಕ್ಕರೆ ಹಲ್ಲಿನ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳು. ಸೊಸೆ ದೂರದ ಊರಿನವಳು. ಅವಳ ಹಲ್ಲು ಮಲ್ಲಿಗೆಯ ಮೊಗ್ಗು. ಇವರ ಮಗಳು, ಹತ್ತು ವರ್ಷದ ಹುಡುಗಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅದು ನಾಚಿಕೆಯೆಂದು ಮೊದಲು ಭಾವಿಸಿದೆ. ಅವಳ ಕೈ ಒಮ್ಮೆ ಜಾರಿದಾಗ ಕಾರಣ ತಿಳಿಯಿತು. ತಂದೆಯ ಹಲ್ಲಿನ ಗೆರೆಗಳೇ ಮಗಳ ಹಲ್ಲಿನ ಮೇಲೂ ಇದ್ದುವು.

ಈಗ ವಿಚಾರ ಮಾಡಿ ನೋಡೋಣ. ಮನೆ ಒಂದೇ, ಒಲೆ ಒಂದೇ, ಕೊಡ ಒಂದೇ. ತಂದೆಯ ಹಲ್ಲಿಗೂ ಮಗಳ ಹಲ್ಲಿಗೂ ಕಲೆ, ತಾಯಿಗೆ ಇಲ್ಲ. ವಂಶದಿಂದ ಬಂದ ದೋಷವೆನ್ನೋಣವೆ? ಹಾಗಾದರೆ ಅಜ್ಜಿಗೂ ಇರಬಹುದಾಗಿತ್ತು. ಆಕೆಗೆ ಉಳಿದ ನಾಲ್ಕೈದು ಹಲ್ಲುಗಳಲ್ಲಿ ಕಲೆಯಿರಲಿಲ್ಲ. ಹಲ್ಲುಜ್ಜದ ಕೊಳೆಯೆನ್ನೋಣವೆ? ಮಗ ಬೇವಿನಕಡ್ಡಿಯಿಂದ ದಿನಾ ಉಜ್ಜುವವನು. ಉಜ್ಜಿದರೆ ಹೋಗುವ ಕಲೆಯೂ ಅದಲ್ಲ. ಅಜ್ಜಿಯನ್ನು ಕೇಳಿದಾಗ ಆಕೆಯ ಬಾಲ್ಯದಲ್ಲಿ ಹೆಂಗಸರು ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ತುಂಬುತ್ತಿದ್ದರೆಂದು ತಿಳಿದುಬಂತು. ಬೋರಿಂಗು ಬಂದದ್ದು ಆಕೆಯ ಮದುವೆಯಾದ ಮೇಲೆ. ಮಗ ಹುಟ್ಟಿ ಬೆಳೆದದ್ದು ಬೋರಿಂಗಿನ ನೀರಿನಲ್ಲಿ. ಸೊಸೆ ಬಂದದ್ದು ಹಲ್ಲುಗಳೆಲ್ಲ ಬಲಿತ ಮೇಲೆ. ಒಂದೇ ಜಗಲಿಯ ಮೇಲೆ ಮೂರು ತಲೆಮಾರುಗಳು ಕುಳಿತು, ಯಾರೂ ಕೇಳದೆ ಇದ್ದ ಒಂದು ಪ್ರಶ್ನೆಗೆ ಉತ್ತರ ಹೇಳುತ್ತಿದ್ದುವು.

ಆ ಉತ್ತರದ ಹೆಸರು ಫ್ಲೋರೈಡ್. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ನೆರೆಯ ಪಾವಗಡ, ಈ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಯನ್ನು ಮೀರಿದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತದ ಕುಡಿಯುವ ನೀರಿನ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಮಿಲಿಗ್ರಾಂ ಎಂದರೆ ಒಂದು ಸಾಸಿವೆಯ ಕಾಳಿಗಿಂತಲೂ ಹಗುರವಾದ ತೂಕ. ಈ ಮಿತಿ ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಗು ಕುಡಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಗಾಜಿನಂಥ ಹೊದಿಕೆ ಕೆಡುತ್ತದೆ. ಹಲ್ಲು ಹೊರಬರುವಾಗಲೇ ಸುಣ್ಣದಂತೆ ಬಿಳಿಚಿಯೋ ಕಂದು ಗೆರೆಗಳಿಂದ ಕೂಡಿಯೋ ಬರುತ್ತದೆ. ಹೊದಿಕೆ ಒಮ್ಮೆ ಬಲಿತ ಮೇಲೆ ಎಷ್ಟು ಕುಡಿದರೂ ಕಲೆಯಾಗದು. ಆದರೆ ಆ ಮೇಲೆ ಮೂಳೆಯ ಸರದಿ. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆ ಮಂದವಾಗಿ, ಕೀಲುಗಳು ಬಿಗಿದು, ಸಂದುಗಳನ್ನು ಕಟ್ಟುವ ನಾರುಗಳೇ ಕಲ್ಲಾಗತೊಡಗುತ್ತವೆ. 10 ಮಿಲಿಗ್ರಾಂ ಮೀರಿದ ಕಡೆಗಳಲ್ಲಿ ಬೆನ್ನೆಲುಬು ಬಿದಿರಿನ ಗಳುವಿನಂತೆ ಒಂದಾಗಿ, ಒಳಗಿನ ನರಗಳನ್ನು ಅದುಮಿ, ಮನುಷ್ಯನನ್ನು ಹಾಸಿಗೆಗೆ ಕಟ್ಟಿಹಾಕುವುದುಂಟು. ಬಗ್ಗಿದ ಮೂಳೆಯನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಇಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು ತಮಗೆಲ್ಲ ತಿಳಿದ ಸಂಗತಿ. 1892ರಲ್ಲಿ ಬಿ. ಎಲ್. ರೈಸರು ಅದನ್ನು ಲೋಕಕ್ಕೆ ತಿಳಿಸುವವರೆಗೆ ಜನ ಆ ಬಂಡೆಯ ಪಕ್ಕದಲ್ಲಿಯೇ ಕುರಿ ಮೇಯಿಸುತ್ತಿದ್ದರು, ಓದುವವರಿರಲಿಲ್ಲ. ಆ ಸೀಮೆಯ ಮಕ್ಕಳ ಹಲ್ಲುಗಳೂ ಶಾಸನಗಳೇ. ಯಾವ ವಯಸ್ಸಿನಲ್ಲಿ ಎಂಥ ನೀರು ಕುಡಿದರೆಂಬುದು ಅವುಗಳ ಮೇಲೆ ಅಳಿಸಲಾರದಂತೆ ಕೊರೆದಿದೆ. ಓದುವುದನ್ನು ಕಲಿತವನಿಗೆ ಮಾತ್ರ ಅದು ತಿಳಿದೀತು.

ಹೀಗೆ ಓದುವುದನ್ನು ಲೋಕ ಕಲಿತದ್ದು ಹೇಗೆ? ಅದೊಂದು ಸ್ವಾರಸ್ಯವಾದ ಕಥೆ. 1854ರಲ್ಲಿ ಲಂಡನ್ನಿನ ಒಂದು ಮೊಹಲ್ಲದಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಹುಡುಕಿ ಗುರುತು ಹಾಕಿ, ಅವು ಒಂದು ನೀರಿನ ಪಂಪಿನ ಸುತ್ತ ಮುತ್ತಿರುವುದನ್ನು ತೋರಿಸಿದನು. ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಾಲರಾ ಕ್ರಿಮಿಯನ್ನು ಕಾಕ್ ಎಂಬ ಜರ್ಮನ್ ಪಂಡಿತನು ಸ್ಥಿರಪಡಿಸಿದ್ದು ಅದಾದ ಸುಮಾರು 30 ವರ್ಷಗಳ ಮೇಲೆ. ಕಾರಣದ ರೂಪ ತಿಳಿಯುವ ಮುಂಚೆಯೇ ಕಾರಣ ಇರುವ ಸ್ಥಳವನ್ನು ಹಿಡಿಯಬಹುದೆಂಬುದು ಈ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠ ಅಮೆರಿಕಾದಿಂದ ಬಂತು. 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ನೆಲಸಿದ ಫ್ರೆಡರಿಕ್ ಮಕೇ ಎಂಬ ತರುಣ ದಂತವೈದ್ಯನಿಗೆ ಅಲ್ಲಿಯವರ ಹಲ್ಲುಗಳು ಕಂದಾಗಿರುವುದು ಆಶ್ಚರ್ಯವನ್ನುಂಟುಮಾಡಿತು. ಊರಿನವರು ಅದನ್ನು ಸಹಜವೆಂದು ಒಪ್ಪಿಕೊಂಡಿದ್ದರು. ಮಕೇ ಒಪ್ಪಿಕೊಳ್ಳಲಿಲ್ಲ. ಮೂವತ್ತು ವರ್ಷ ಊರೂರು ಅಲೆದು ಹಲ್ಲುಗಳನ್ನು ನೋಡಿದನು. 1923ರಲ್ಲಿ ಐಡಹೋ ಪ್ರಾಂತದ ಓಕ್ಲಿ ಎಂಬ ಊರಿನವರು ಅವನನ್ನು ಕಂಡರು. ದೂರದ ಒಂದು ಬಿಸಿನೀರಿನ ಚಿಲುಮೆಯಿಂದ ಕೊಳವೆಯಲ್ಲಿ ನೀರು ತಂದ ಮೇಲೆ ಮಕ್ಕಳ ಹಲ್ಲು ಕಂದಾಗತೊಡಗಿತೆಂಬುದನ್ನು ಮೊದಲು ಗಮನಿಸಿದವರು ಅಲ್ಲಿಯ ತಾಯಂದಿರು. ಮಕೇ ನೀರನ್ನು ಪರೀಕ್ಷಿಸಿದರೆ ಏನೂ ದೋಷ ಕಾಣಲಿಲ್ಲ. ಆದರೂ ಆ ಕೊಳವೆಯನ್ನು ಬಿಟ್ಟು ಬೇರೆ ಚಿಲುಮೆಗೆ ಹೋಗಿರೆಂದು ಹೇಳಿದನು. ಊರಿನವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಹೊಸದಾಗಿ ಬಂದ ಹಲ್ಲುಗಳು ಬೆಳ್ಳಗೆ ಬಂದುವು.

ಅರ್ಕನ್ಸಾ ಪ್ರಾಂತದಲ್ಲಿ ಬಾಕ್ಸೈಟ್ ಎಂಬ ಇನ್ನೊಂದು ಊರು. ಅಲ್ಯೂಮಿನಿಯಂ ಕಂಪೆನಿಯ ಕೆಲಸಗಾರರು ಇದ್ದದ್ದು. 1909ರಲ್ಲಿ ಅಲ್ಲಿ ಆಳವಾದ ಬಾವಿಗಳ ನೀರನ್ನು ತಂದರು. ಅದಾದ ಮೇಲೆ ಬೆಳೆದ ಮಕ್ಕಳ ಹಲ್ಲಿಗೆ ಕಲೆ. ಮೊದಲೇ ಬೆಳೆದವರಿಗೆ ಇಲ್ಲ. ತಮ್ಮ ಅಲ್ಯೂಮಿನಿಯಂ ಪಾತ್ರೆಗಳ ಮೇಲೆ ಅಪವಾದ ಬಂದೀತೆಂಬ ಭಯ ಕಂಪೆನಿಗೆ ಇತ್ತು. ಅದರ ಮುಖ್ಯ ರಸಾಯನಶಾಸ್ತ್ರಜ್ಞನಾಗಿದ್ದ ಚರ್ಚಿಲ್ ಎಂಬಾತನು 1931ರಲ್ಲಿ ಆ ನೀರನ್ನು ಅಂದಿನವರೆಗೆ ಯಾರೂ ಮಾಡದ ಸೂಕ್ಷ್ಮವಿಧಾನದಿಂದ ಪರೀಕ್ಷಿಸಿದನು. ಹತ್ತು ಲಕ್ಷ ಭಾಗ ನೀರಿಗೆ 13.7 ಭಾಗ ಫ್ಲೋರೈಡ್ ಇತ್ತು. ಮೂವತ್ತು ವರ್ಷ ಹುಡುಕಿದ ಅಪರಾಧಿ ಸಿಕ್ಕಿಬಿದ್ದನು.

ಆರು ವರ್ಷಗಳ ಮೇಲೆ, 1937ರಲ್ಲಿ, ನಮ್ಮ ದೇಶದಲ್ಲಿಯೇ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಮೂಳೆಯ ಬೇನೆಯನ್ನು ವರ್ಣಿಸಿದರು. ವೈದ್ಯರಿಗಿಂತ ಮೊದಲು ಅಲ್ಲಿನ ರೈತರು ಉಳುವ ಎತ್ತುಗಳು ಕುಂಟುವುದನ್ನು ಕಂಡಿದ್ದರೆಂದು ಹೇಳುತ್ತಾರೆ. ಓಕ್ಲಿಯ ತಾಯಂದಿರು, ನೆಲ್ಲೂರಿನ ರೈತರು, ಪರಶುರಾಂಪುರದ ಕಡೆಯ ನನ್ನ ಅಜ್ಜಿ: ಇವರು ಕಂಡದ್ದನ್ನು ಕೇಳಿಸಿಕೊಳ್ಳುವ ಕಿವಿ ಪಂಡಿತನಿಗೆ ಇರಬೇಕು. ಇದು ಮೂರನೆಯ ಪಾಠ.

ಆದರೆ ಅಜ್ಜಿಯ ಮಾತನ್ನೇ ಪ್ರಮಾಣವೆಂದು ಹಿಡಿದು ಕುಳಿತರೂ ಆಗದು. ಆಕೆಯ ಕತ್ತು ಬಿಗಿದದ್ದು ನೀರಿನಿಂದಲೋ ವಯಸ್ಸಿನಿಂದಲೋ ಹೊತ್ತ ಹೊರೆಗಳಿಂದಲೋ ನೋಡಿದ ಮಾತ್ರಕ್ಕೆ ಹೇಳಲಾಗದು. ನೀರನ್ನು ಅಳೆಯಬೇಕು, ಮೂತ್ರದಲ್ಲಿ ಫ್ಲೋರೈಡ್ ಎಷ್ಟೆಂದು ನೋಡಬೇಕು, ಎಕ್ಸ್‌ರೇ ತೆಗೆಸಬೇಕು, ಬೇರೆ ನೀರು ಕುಡಿಯುವ ಅದೇ ವಯಸ್ಸಿನ ಹೆಂಗಸರೊಡನೆ ಹೋಲಿಸಬೇಕು. ಇನ್ನೊಂದು ಮಾತು. ಆಕೆ ನೀರನ್ನು ಸೀನೀರೆಂದಳಲ್ಲವೆ? ನಮ್ಮ ಜನರ ನಾಲಗೆ ಬಹು ಚುರುಕಾದದ್ದು. ಚೌಳುನೀರು, ಸಪ್ಪೆನೀರು, ಗಡಸುನೀರು, ಸೀನೀರು ಎಂದು ನೀರಿಗೆ ಜಾತಿಗಳನ್ನು ಕಟ್ಟಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ನಾಲಗೆ ಮೋಸಹೋಗುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಹೆಚ್ಚಾಗಿರುವ ಗಡಸುನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲಲಾರದು. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾದ ಅಂಶ ಹೆಚ್ಚಿರುವ ನೀರಿನಲ್ಲಿಯೇ ಅದು ಬಹುಮಟ್ಟಿಗೆ ಸೇರಿಕೊಳ್ಳುವುದು. ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ! ಮನೆಯೊಡತಿ ಯಾವ ಗುಣವನ್ನು ನೋಡಿ ಬಾವಿಯನ್ನು ಮೆಚ್ಚಿದಳೋ ಆ ಗುಣವೇ ದೋಷದ ಜೊತೆಗಾರ. ಕಾಯಿಸಿದರೆ ಹೋಗುವುದೇ ಎಂದು ತಾವು ಕೇಳಬಹುದು. ಹೋಗದು. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಮಂದವಾಗುತ್ತದೆ.

ಈ ವಸ್ತು ಈ ನೆಲಕ್ಕೆ ಎಲ್ಲಿಂದ ಬಂತು? ಯಾರೂ ತಂದು ಸುರಿದದ್ದಲ್ಲ. ರಾಮನಗರದ ಬಂಡೆಗಳಿಂದ ಹಿಡಿದು ಮಧುಗಿರಿ, ಪಾವಗಡಗಳ ಮೇಲೆ ಮೊಳಕಾಲ್ಮೂರಿನ ಕಡೆಗೆ ಉದ್ದಕ್ಕೆ ಹಬ್ಬಿರುವ ಗ್ರಾನೈಟ್ ಶಿಲೆಯ ಪಟ್ಟಿಯನ್ನೂ ಅದರ ಇಕ್ಕೆಲದ ಪುರಾತನ ಶಿಲೆಗಳನ್ನೂ ತಾವು ನೋಡಿರಬಹುದು. ಇಂಥ ಕಲ್ಲಿನಲ್ಲಿರುವ ಅಭ್ರಕ ಮೊದಲಾದ ಖನಿಜಗಳ ಒಳಗೆ ಫ್ಲೋರೈಡ್ ಅಡಗಿದೆ. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮಲೆನಾಡಿನಲ್ಲಿ ವರ್ಷವರ್ಷವೂ ಮಳೆ ಬಂದು ಹಳೆಯ ನೀರನ್ನು ತೊಳೆದು ಸಾಗಿಸುತ್ತದೆ. ಇಲ್ಲಿ ತೊಳೆಯುವಷ್ಟು ಮಳೆಯಿಲ್ಲ. ಆವಿಯಾಗಿ ಹೋಗುವುದೇ ಹೆಚ್ಚು. ಬಾವಿ ಆಳವಾದಷ್ಟೂ ಸಾಮಾನ್ಯವಾಗಿ ನೀರು ಹಳೆಯದು, ಕಲ್ಲಿನೊಡನೆ ಅದರ ಸಹವಾಸವೂ ದೀರ್ಘ. ಹೊಳೆಯ ಮರಳಿನ ಒರತೆಯೂ ತಲಪರಿಗೆಯೂ ನಿನ್ನೆಮೊನ್ನೆಯ ಮಳೆಯ ನೀರು. ನೂರಾರು ಅಡಿಯ ಕೊಳವೆಬಾವಿಯದು ತಾತಮುತ್ತಾತಂದಿರ ಕಾಲದ ನೀರಾದರೂ ಆಗಿರಬಹುದು.

ಹಾಗಾದರೆ ಕೊಳವೆಬಾವಿ ತೋಡಿದವರು ತಪ್ಪು ಮಾಡಿದರೆ? ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಹಳೆಯ ತೆರೆದ ಬಾವಿಗಳೂ ಕಲ್ಯಾಣಿಗಳೂ ಅಮೃತದ ಗಿಂಡಿಗಳಾಗಿರಲಿಲ್ಲ. ಮೆಟ್ಟಿಲಿಳಿದು ಕಾಲು ತೊಳೆದ ನೀರನ್ನೇ ಕುಡಿದ ಜನಕ್ಕೆ ನಾರುಹುಣ್ಣು ಬರುತ್ತಿತ್ತು. ಮೊಳಕಾಲಿನ ಕೆಳಗಿನ ಬೊಬ್ಬೆಯಿಂದ ಮೊಳದುದ್ದದ ಹುಳು ದಿನದಿನವೂ ಅಂಗುಲ ಅಂಗುಲವಾಗಿ ಹೊರಬರುವ ಯಾತನೆಯನ್ನು ಹಿರಿಯರು ಮರೆತಿಲ್ಲ. ಕಾಲರಾ ಊರುಗಳನ್ನೇ ಗುಡಿಸಿಹಾಕುತ್ತಿತ್ತು. 1970ರ ಸುಮಾರಿನ ಬರಗಾಲಗಳಲ್ಲಿ ಬಂಡೆ ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದುವು. ಅವುಗಳ ಹಿಂದೆ ಕೈಪಂಪುಗಳು. ಮುಚ್ಚಿದ ನೀರಿಗೆ ಹುಳುವಿಲ್ಲ, ಕ್ರಿಮಿಯ ಭಯವೂ ಕಡಿಮೆ. ನಾರುಹುಣ್ಣು ನಮ್ಮ ದೇಶದಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಸಾರಿತು. ಅದಕ್ಕೆ ಬೋರಿಂಗುಗಳ ಉಪಕಾರವೂ ಕಾರಣ. ಆದರೆ ಒಂದು ರೋಗದ ಮದ್ದು ಇನ್ನೊಂದು ರೋಗದ ಬೀಜವಾಯಿತು. ತೋಡಿದವರ ಮನಸ್ಸು ಒಳ್ಳೆಯದೇ. ತೋಡಿದ ಮೇಲೆ ಅಳೆಯದೆ ಇದ್ದದ್ದೇ ತಪ್ಪು. ನೀರು ಬಂತೆಂದು ತೆಂಗಿನಕಾಯಿ ಒಡೆದೆವು. ಎಂಥ ನೀರು ಬಂತೆಂದು ಎಷ್ಟೋ ಕಡೆ ಯಾರೂ ಕೇಳಲಿಲ್ಲ.

ಫ್ಲೋರೈಡನ್ನು ವಿಷವೆಂದು ಬೈದು ಮುಗಿಸುವುದೂ ಸರಿಯಲ್ಲ. ಅಮೆರಿಕಾದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಪಟ್ಟಣದಲ್ಲಿ 1945ರಿಂದ ಅದನ್ನು ನೀರಿಗೆ ಬೆರೆಸತೊಡಗಿದರು. ಮಕ್ಕಳ ಹಲ್ಲು ಹುಳುಕಾಗುವುದು ಕಡಿಮೆಯಾಯಿತು. ತಾವು ಬೆಳಗ್ಗೆ ಉಪಯೋಗಿಸುವ ಪೇಸ್ಟಿನಲ್ಲಿಯೂ ಅದು ಇದೆ. ಅತಿಯಾದರೆ ಅಮೃತವೂ ವಿಷ; ಪ್ರಶ್ನೆ ಎಲ್ಲವೂ ಪ್ರಮಾಣದ್ದು. ಪ್ರಮಾಣವೆಂದರೆ ಬಾವಿಯಲ್ಲಿರುವುದಲ್ಲ, ಮೈಗೆ ಸೇರುವುದು. ಲೀಟರಿಗೆ 2 ಮಿಲಿಗ್ರಾಂ ಇರುವ ಒಂದೇ ಬಾವಿಯನ್ನು ತೆಗೆದುಕೊಳ್ಳೋಣ. ನೆರಳಿನಲ್ಲಿ ಕುಳಿತು ಲೆಕ್ಕ ಬರೆಯುವ ಗುಮಾಸ್ತನು ದಿನಕ್ಕೆ 2 ಲೀಟರ್ ಕುಡಿದರೆ ಅವನ ಪಾಲು 4 ಮಿಲಿಗ್ರಾಂ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕಲ್ಲು ಹೊರುವ ಕೂಲಿಯಾಳು 5 ಲೀಟರ್ ಕುಡಿಯುತ್ತಾಳೆ. ಅವಳ ಪಾಲು 10. ಮುದ್ದೆಗೂ ಸಾರಿಗೂ ಹಾಕಿದ ನೀರು ಬೇರೆ. ಹಾಲು, ಸೊಪ್ಪು ಸಮೃದ್ಧಿಯಾಗಿ ಸಿಕ್ಕಿದರೆ ಅವುಗಳ ಕ್ಯಾಲ್ಸಿಯಂ ಕರುಳಿನಲ್ಲಿಯೇ ಫ್ಲೋರೈಡನ್ನು ಒಂದಿಷ್ಟು ಹಿಡಿದಿಡುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುವುದು ಈ ಸೀಮೆಯವರ ಪುಣ್ಯ. ಹಾಲು ಮಾರಿ ಅಕ್ಕಿ ತರುವ ಬಡಮನೆಗೆ ಆ ರಕ್ಷೆಯೂ ತಪ್ಪುತ್ತದೆ. ಬಾವಿ ಎಲ್ಲರನ್ನೂ ಸಮನಾಗಿ ಕಾಣುತ್ತದೆಂಬುದು ಬರಿಯ ಮಾತು. ಹೆಚ್ಚು ಬೆವರುವವನ ಮೇಲೆ, ಕಡಿಮೆ ಉಣ್ಣುವವನ ಮೇಲೆ ಅದರ ಕೈ ಭಾರವಾಗಿ ಬೀಳುತ್ತದೆ. ಆದುದರಿಂದ ಸನ್ನಿವೇಶಕ್ಕೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಅರಸುವವನು ನೀರನ್ನು ಮಾತ್ರ ಅಳೆದರೆ ಸಾಲದು. ಕೂಲಿಯನ್ನೂ ಬಿಸಿಲನ್ನೂ ತಟ್ಟೆಯಲ್ಲಿರುವುದನ್ನೂ ಅಳೆಯಬೇಕು.

ಇನ್ನು ಪರಿಹಾರದ ಮಾತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ, ನಲ್ಗೊಂಡ ಜಿಲ್ಲೆಯ ಹೆಸರನ್ನು ಹೊತ್ತ ಒಂದು ಸುಲಭ ಕ್ರಮವಿದೆ. ನೀರಿಗೆ ಗೊತ್ತಾದ ಅಳತೆಯಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಗಷ್ಟು ಕೆಳಗಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುವುದು. ಒಂದು ಬಗೆಯ ಅಲ್ಯೂಮಿನಾ ಹರಳುಗಳ ಮೂಲಕ ಸೋಸುವುದು ಇನ್ನೊಂದು. ಈಗ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುವು ಶುದ್ಧ ಕುಡಿಯುವ ನೀರಿನ ಘಟಕಗಳು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದೇ. ಆದರೆ ಯಂತ್ರ ಕೆಟ್ಟು ನಿಂತ ದಿನ ಜನ ಹಳೆಯ ಬೋರಿಗೇ ಮರಳುವರು. ಸೋಸಿ ಬಿಟ್ಟ ಮಂದನೀರು ಮತ್ತೆ ನೆಲಕ್ಕೇ ಸೇರುವುದೂ ಉಂಟು. ತುಂಗಭದ್ರೆಯ ಹಿನ್ನೀರನ್ನು ಈ ತಾಲ್ಲೂಕುಗಳಿಗೂ ಪಾವಗಡಕ್ಕೂ ಕೊಳವೆಗಳಲ್ಲಿ ತರುವ ದೊಡ್ಡ ಯೋಜನೆಯನ್ನೂ ಸರ್ಕಾರ ಕೈಗೊಂಡಿದೆ. ಹೊಳೆಯ ನೀರು ಮನೆಬಾಗಿಲಿಗೆ ತಪ್ಪದೆ ಬಂದರೆ ಅದಕ್ಕಿಂತ ಭಾಗ್ಯವಿಲ್ಲ.

ಆದರೆ ತಲೆಯ ಮೇಲೆ ಬೀಳುವ ನೀರನ್ನು ನಾವು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಒಂದು ಸಣ್ಣ ಗಣಿತ ಮಾಡೋಣ. 10 ಮೀಟರ್ ಉದ್ದ, 5 ಮೀಟರ್ ಅಗಲದ ಮನೆಯ ಛಾವಣಿ. ವರ್ಷಕ್ಕೆ 450 ಮಿಲಿಮೀಟರ್ ಮಳೆ. ಅದರ ಮೇಲೆ ಬೀಳುವುದು 22,500 ಲೀಟರ್. ಐದರಲ್ಲೊಂದು ಪಾಲು ಚೆಲ್ಲಿಹೋದರೂ 18,000 ಲೀಟರ್ ಉಳಿಯಿತು. ಐದು ಮಂದಿಯ ಸಂಸಾರಕ್ಕೆ ಕುಡಿಯಲೂ ಅಡಿಗೆಗೂ ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 7,300. ಮಳೆ 300 ಮಿಲಿಮೀಟರಿಗೆ ಇಳಿದ ಕೆಟ್ಟ ವರ್ಷದಲ್ಲಿಯೂ 12,000 ಲೀಟರ್ ಸಿಕ್ಕೀತು. ಕರ್ನಾಟಕದ ಅತ್ಯಂತ ಒಣಗಿದ ತಾಲ್ಲೂಕಿನಲ್ಲಿಯೂ ಒಂದು ಮನೆಯ ಬಾಯಾರಿಕೆಗೆ ಬೇಕಾದಷ್ಟು ನಿರ್ದೋಷವಾದ ನೀರು ಆಕಾಶದಿಂದ ಬೀಳುತ್ತಿದೆ ಎಂದಾಯಿತು. ಇದಕ್ಕೆ ತೊಟ್ಟಿ ಬೇಕು, ಖರ್ಚು ಉಂಟು. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಡಬೇಕು. ಶೇಖರಿಸಿದ್ದನ್ನು ಸೊಳ್ಳೆಯಾಡದಂತೆ ಮುಚ್ಚಿಡಬೇಕು. ಆ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳಿಗೆ ಇದು ಒಗ್ಗದು. ಶಾಲೆಯ ಛಾವಣಿ, ಸಾರ್ವಜನಿಕ ಕಟ್ಟಡಗಳ ಛಾವಣಿಗಳಿಂದಲಾದರೂ ಆರಂಭಿಸಬಹುದು. ಎಂಟು ವರ್ಷದೊಳಗಿನ ಮಕ್ಕಳ ಪಾಲಿನ ನೀರನ್ನು ಮಾತ್ರ ಮೊದಲು ಕಾಪಾಡಿದರೂ ಸಾಕು. ಮುಂದಿನ ತಲೆಮಾರು ಬಾಯಿ ಮುಚ್ಚಿಕೊಳ್ಳದೆ ನಕ್ಕೀತು.

ಮಹನೀಯರೇ, ಪಟ್ಟಣದಲ್ಲಿ ಕುಳಿತು ಇದನ್ನು ಕೇಳುತ್ತಿರುವ ತಮಗೆ ಪರಶುರಾಂಪುರ ದೂರವೆಂದು ತೋರಬಹುದು. ತಮ್ಮ ಮನೆಯ ಕೊಳವೆಬಾವಿಯನ್ನು ಎಷ್ಟು ಅಡಿ ಕೊರೆಸಿದಿರಿ, ಎಷ್ಟು ಅಂಗುಲ ನೀರು ಬಂತು ಎಂದರೆ ತಾವು ತಟ್ಟನೆ ಹೇಳುವಿರಿ. ಅದರ ನೀರನ್ನು ಎಂದಾದರೂ ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದರೆ ನಮ್ಮಲ್ಲಿ ಹಲವರು ಮೌನವಾಗುವೆವು. ನಾನೂ ಆ ಹಳ್ಳಿಗೆ ಹೋಗಿಬರುವವರೆಗೆ ಮಾಡಿಸಿರಲಿಲ್ಲ. ಎಲ್ಲ ಬಾವಿಯೂ ಕೆಟ್ಟದ್ದಲ್ಲ. ಒಂದು ಬಾವಿಯ ಗುಣ ನೂರು ಗಜದಾಚೆಯ ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಊರಿನಲ್ಲಿ ಕೆಟ್ಟ ಬಾವಿಯ ಪಕ್ಕದಲ್ಲಿ ಒಳ್ಳೆಯದೂ ಇರಬಹುದು. ಅಳೆದ ಹೊರತು ತಿಳಿಯುವ ಬಗೆಯಿಲ್ಲ.

ಅಳೆದದ್ದನ್ನು ಕಚೇರಿಯ ಕಡತದಲ್ಲಿ ಕಟ್ಟಿಟ್ಟರೆ ಪ್ರಯೋಜನವಿಲ್ಲ. ಪ್ರತಿಯೊಂದು ಬಾವಿಯ ಕಟ್ಟೆಯ ಮೇಲೆ ಅದರ ನೀರಿನ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿಯೂ, ಗಡಿಯ ಊರುಗಳಲ್ಲಿ ತೆಲುಗಿನಲ್ಲಿಯೂ ಬರೆಸಬೇಕು. ಅಶೋಕನು ತನ್ನ ಆಜ್ಞೆಗಳನ್ನು ಪ್ರಜೆಗಳು ಓಡಾಡುವ ದಾರಿಯ ಬಂಡೆಗಳ ಮೇಲೆ ಬರೆಸಿದನು. ಅವನ ಬೇರೆಡೆಯ ಒಂದು ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ದಾರಿಗಳಲ್ಲಿ ಬಾವಿಗಳು, ಇವೆರಡೂ ಒಟ್ಟಿಗೇ ಬರುತ್ತವೆ. ಬಾವಿಯೂ ವೈದ್ಯವೂ ಒಂದೇ ವಿಷಯವೆಂಬುದು ಎರಡು ಸಾವಿರ ವರ್ಷಗಳ ಹಿಂದೆಯೇ ಒಬ್ಬ ಅರಸನಿಗೆ ಹೊಳೆದಿತ್ತು.

ಆ ಹಳ್ಳಿಯಿಂದ ಹೊರಡುವಾಗ ಅಜ್ಜಿ ನನ್ನನ್ನು ಕೇಳಿದ್ದಳು: "ನನ್ನ ಕತ್ತು ಸರಿಹೋಗ್ತೈತಾ ಸ್ವಾಮಿ?" ಇಲ್ಲವೆಂದು ಹೇಳುವ ಧೈರ್ಯ ನನಗೆ ಇರಲಿಲ್ಲ. ಆಕೆಯೇ ಮತ್ತೆ ಅಂದಳು: "ಹೋಗಲಿ ಬಿಡಿ. ಈ ಮಗೀಗೆ ಯಾವ ನೀರು ಕೊಡೋದು, ಅದನ್ನ ಹೇಳಿ." ನಾವು ಕಲಿತ ವಿದ್ಯೆಯೆಲ್ಲ ಉತ್ತರ ಹೇಳಬೇಕಾದ ಪ್ರಶ್ನೆ ಇದು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವು ಕೈಬಿಡಬೇಕಾಗಿಲ್ಲ. ನೀರು ಬಲ್ಲ ಊರಿಗೆ ರೋಗ ಕಡಿಮೆ ಎಂಬ ಇನ್ನೊಂದು ಮಾತನ್ನು ಅದರ ಪಕ್ಕದಲ್ಲಿ ಇಟ್ಟುಕೊಳ್ಳೋಣ.